ನಿಪ್ಪಲ್ ಬಿಡಿಸೋಕೆ ಬೇವು ಹಚ್ಚಬೇಕಾ, ಮರಕ್ಕೆ ಕಟ್ಟಬೇಕಾ?

ಪ್ರಶ್ನೆ: ನಾವು ಕೋಪನ್‌ಹೇಗನ್‌ಗೆ ಬಂದು ಜಾಸ್ತಿ ದಿನ ಆಗಿಲ್ಲ. ಮಗಳಿಗೆ ಎರಡೂವರೆ ವರ್ಷ. ಬಾಯಲ್ಲಿ ಪ್ಯಾಸಿಫೈಯರ್ (ಚೀಪೋ ರಬ್ಬರ್ ನಿಪ್ಪಲ್) ಇಲ್ಲದಿದ್ದರೆ ಮಲಗುವುದೇ ಇಲ್ಲ, ಈಗೀಗ ಹಗಲಲ್ಲೂ ಬೇಕು ಅಂತ ಹಟ. ಅತ್ತೆ ಹಾಸನದಿಂದ ಫೋನ್ ಮಾಡಿದಾಗಲೆಲ್ಲ ಬೇವಿನ ರಸ ಹಚ್ಚು ಅಂತಾರೆ. ಡೇಕೇರ್‌ನವರು ಮಕ್ಕಳು ತಮ್ಮ ನಿಪ್ಪಲ್ ಕಟ್ಟಿ ಬಿಟ್ಟುಬರುವ ‘ನಿಪ್ಪಲ್ ಮರ’ಕ್ಕೆ ಕರೆದುಕೊಂಡು ಹೋಗಿ ಅಂತಾರೆ. ಯಾರಾದರೂ ಹೀಗೆ ಮಾಡಿದ್ದೀರಾ?

ಫ್ರೆಡರಿಕ್ಸ್‌ಬರ್ಗ್‌ನಿಂದ, ಇಬ್ಬರು ಮಕ್ಕಳ ಅಮ್ಮ:
ಮಾಡಿದ್ದೀವಿ, ಎರಡು ಮಕ್ಕಳಿಗೂ. ದಯವಿಟ್ಟು ಬೇವು ಬೇಡ. ಎದೆಹಾಲು ಬಿಡಿಸುವಾಗ ನಮ್ಮ ಕಡೆ ಬೇವು ಹಚ್ಚುತ್ತಾರೆ ನಿಜ, ಆದರೆ ರಾತ್ರಿ ಸಮಾಧಾನಕ್ಕೆ ಅಂತ ಬಾಯಿಗಿಟ್ಟ ವಸ್ತು ಏಕಾಏಕಿ ಕಹಿಯಾದರೆ ಮಗುವಿಗೆ ಏನು ಅರ್ಥವಾಗುತ್ತೆ ಹೇಳಿ. ಮರದ ಪದ್ಧತಿಯಲ್ಲಿ ಕೊಡೋದು ಮಗುವೇ. ನಾವು ಕಿತ್ತುಕೊಳ್ಳಲ್ಲ. ಅಷ್ಟೇ ಅದರ ಗುಟ್ಟು.

ಇಲ್ಲಿ ಫ್ರೆಡರಿಕ್ಸ್‌ಬರ್ಗ್ ಹಾವೆ ಅನ್ನೋ ದೊಡ್ಡ ಉದ್ಯಾನ ಇದೆಯಲ್ಲ, ಝೂ ಪಕ್ಕದಲ್ಲೇ, ಅದರೊಳಗಿದೆ ಆ ಮರ. ಸುಟ್ಟೆಟ್ರೆ (ಡ್ಯಾನಿಶ್‌ನಲ್ಲಿ ನಿಪ್ಪಲ್ ಮರ) ಎಲ್ಲಿ ಅಂತ ಕೇಳಿದರೆ ಮಕ್ಕಳ ಗಾಡಿ ತಳ್ಳಿಕೊಂಡು ಬರುವ ಯಾರಾದರೂ ತೋರಿಸುತ್ತಾರೆ. ಕೊಂಬೆಕೊಂಬೆಗೂ ನಿಪ್ಪಲ್‌ಗಳು. ಗುಲಾಬಿ, ನೀಲಿ, ಬಿಸಿಲಿಗೆ ಬಣ್ಣ ಹೋದವು, ಪಾಚಿ ಹಿಡಿದವು, ಒಂದೇ ರಿಬ್ಬನ್ನಿಗೆ ಐದಾರು ಪೋಣಿಸಿದವು. ಜೊತೆಗೆ ಚೀಟಿಗಳು. ‘ಮರವೇ, ನನ್ನ ನಿಪ್ಪಲ್ ಚೆನ್ನಾಗಿ ನೋಡಿಕೋ, ನಾನೀಗ ದೊಡ್ಡವನಾದೆ’ ಅಂತ ಅಪ್ಪ ಅಮ್ಮ ಬರೆದಿರುತ್ತಾರೆ, ಕೆಳಗೆ ಮಗು ಗೀಚಿದ ಗೆರೆ. ನಿಮ್ಮ ಚೀಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಇಲ್ಲಿನ ಮಳೆ ಗೊತ್ತಲ್ಲ.

ಒಂದು ಸಲ ಸುಮ್ನೆ ನೋಡೋಕೆ ಅಂತ ಹೋಗಿ, ಕಟ್ಟೋಕೆ ಅಲ್ಲ. ಝೂನ ಆನೆಮನೆಯ ಅಂಗಳ ಪಾರ್ಕಿನಿಂದಲೇ ಕಾಣುತ್ತೆ, ಆನೆ ನೋಡಿ, ಆಮೇಲೆ ಮರ ನೋಡಿ, ಇವೆಲ್ಲ ಯಾರದು, ಅವರು ಈಗ ಹೇಗೆ ಮಲಗುತ್ತಾರೆ ಅಂತ ಮಾತಾಡಿಕೊಂಡು ಬನ್ನಿ. ನಮ್ಮ ದೊಡ್ಡವಳು ತಾನಾಗಿಯೇ ‘ನಂದೂ ಕಟ್ತೀನಿ’ ಅನ್ನುವವರೆಗೆ ಕಾದೆವು. ಕಟ್ಟುವ ದಿನ ಗಂಟು ಹಾಕಲು ಅವಳ ಕೈಗೇ ಬಿಡಿ, ನೀವು ಕೊಂಬೆ ಬಗ್ಗಿಸಿ ಹಿಡಿದರೆ ಸಾಕು.

ಹೊರಡೋ ಮುಂಚೆ ಮನೆಯಲ್ಲಿರುವ ಎಲ್ಲಾ ನಿಪ್ಪಲ್ ಹುಡುಕಿ ತೆಗೆಯಿರಿ. ಸೋಫಾ ಸಂದಿ, ಡೈಪರ್ ಬ್ಯಾಗು, ಚಳಿಗಾಲದ ಜಾಕೆಟ್ ಜೇಬು, ಎಲ್ಲಾ. ಡೇಕೇರ್‌ನಲ್ಲಿ ಇಟ್ಟಿರೋದನ್ನೂ ತರಿಸಿಕೊಳ್ಳಿ.

ಮೊದಲ ಒಂದೆರಡು ರಾತ್ರಿ ಅಳುತ್ತಾಳೆ, ಅದಕ್ಕೆ ತಯಾರಾಗಿರಿ. ಬೆನ್ನು ತಟ್ಟಿ, ಜೋಗುಳ ಹಾಡಿ, ಪಕ್ಕದಲ್ಲೇ ಮಲಗಿ. ‘ಎಲ್ಲಿ?’ ಅಂದಾಗ ‘ಮರದ ಹತ್ರ ಇದೆ, ಶನಿವಾರ ನೋಡಿ ಬರೋಣ’ ಅನ್ನಬಹುದು, ಯಾಕೆಂದರೆ ಅದು ನಿಜ. ಕಾಗೆ ಎತ್ತಿಕೊಂಡು ಹೋಯ್ತು ಅಂತ ಹೇಳಿದರೆ ನಾಳೆ ಅವಳು ಕಾಗೆ ಕಂಡರೆ ಅಳುತ್ತಾಳೆ, ನನ್ನ ತಂಗಿ ಮಗನಿಗೆ ಆಗಿದ್ದು ಅದೇ.

ಸ್ಟಾಕ್‌ಹೋಮ್‌ನಿಂದ:
ಅಕ್ಕ ಹೇಳಿದ್ದು ಸರಿ, ಆದರೆ ಮತ್ತೆ ನೋಡೋಕೆ ಹೋಗೋ ವಿಷಯದಲ್ಲಿ ನನ್ನ ಅನುಭವ ಬೇರೆ. ಇಲ್ಲಿ ಸ್ಕಾನ್ಸೆನ್ ಅನ್ನೋ ಬಯಲು ಮ್ಯೂಸಿಯಂನಲ್ಲಿ, ಪ್ರಾಣಿಗಳೂ ಇವೆ ಅಲ್ಲಿ, ಮಕ್ಕಳು ನಿಪ್ಪಲ್ ತಂದು ಬೆಕ್ಕಿನ ಮರಿಗಳಿಗೆ ಕೊಡೋ ರೂಢಿ ಇದೆ. ಮಗ ಖುಷಿಯಾಗಿಯೇ ಕೊಟ್ಟ. ವಾರ ಬಿಟ್ಟು ಮತ್ತೆ ಹೋದಾಗ ವಾಪಸ್ ಕೇಳು ಅಂತ ಅಲ್ಲೇ ಕೂತುಬಿಟ್ಟ. ಪೂರ್ತಿ ಮರೆಯುವವರೆಗೆ ಆ ಕಡೆ ಹೋಗದೇ ಇರೋದು ಒಳ್ಳೇದು ಅನಿಸುತ್ತೆ. ಕ್ರಿಸ್‌ಮಸ್ ಹೊತ್ತಿಗೆ ಸಾಂತಾಗೆ ಕೊಡಿಸುವವರೂ ಇಲ್ಲಿ ತುಂಬಾ ಜನ. ಜರ್ಮನಿಯಲ್ಲಿರೋ ನಮ್ಮ ಸ್ನೇಹಿತರು ನಿಪ್ಪಲ್ ತೆಗೆದುಕೊಂಡು ಹೋಗಿ ಉಡುಗೊರೆ ಇಡೋ ಯಕ್ಷಿಣಿ ಅಂತ ಕಥೆ ಹೇಳಿ ಬಿಡಿಸಿದರು.

ಮೈಸೂರಿನಿಂದ, ಹಲ್ಲಿನ ಡಾಕ್ಟರ್:
ಎರಡೂವರೆ ಅಂದರೆ ತಡವೇನಲ್ಲ, ಗಾಬರಿ ಬೇಡ. ಮೂರರ ಒಳಗೆ ಬಿಡಿಸಿ ಅಂತ ನಾವು ಹೇಳೋದು ಮುಂದಿನ ಹಲ್ಲುಗಳಿಗೋಸ್ಕರ. ತುಂಬಾ ದಿನ ಚೀಪುತ್ತಿದ್ದರೆ ಬಾಯಿ ಮುಚ್ಚಿದಾಗಲೂ ಮೇಲಿನ ಕೆಳಗಿನ ಹಲ್ಲು ಕೂಡದೆ ನಡುವೆ ಸಂದಿ ಉಳಿಯುತ್ತೆ. ಬೇಗ ಬಿಟ್ಟರೆ ಎಷ್ಟೋ ಮಕ್ಕಳಲ್ಲಿ ತಾನೇ ಸರಿಹೋಗುತ್ತೆ. ನಿಪ್ಪಲ್ ತುದಿ ಸ್ವಲ್ಪ ಸ್ವಲ್ಪ ಕತ್ತರಿಸಿ ಅಂತ ಕೆಲವರು ಹೇಳುತ್ತಾರೆ, ಅದನ್ನು ಮಾತ್ರ ಮಾಡಬೇಡಿ. ಚೂರು ಕಿತ್ತುಬಂದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಜೇನುತುಪ್ಪ, ಸಕ್ಕರೆಯಲ್ಲಿ ಅದ್ದಿ ಕೊಡೋದೂ ಬೇಡ, ಹುಳುಕಿಗೆ ಅದೇ ದಾರಿ.

ಬೆಂಗಳೂರಿನಿಂದ:
ನಮಗೆ ಇಲ್ಲಿ ಅಂಥ ಮರ ಇಲ್ಲ. ಅಜ್ಜಿ ಮನೆಯ ಸಪೋಟ ಮರಕ್ಕೆ ಮಗಳ ಕೈಯಲ್ಲೇ ಕಟ್ಟಿಸಿದೆವು. ಮೊದಲು ನಮ್ಮ ಅತ್ತೆಯೂ ಬೇವು ಅಂದಿದ್ದರು. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೀತೀವಲ್ಲ ಅತ್ತೆ, ಇದೂ ಹಾಗೇ ಅಂದೆ, ತಕ್ಷಣ ಒಪ್ಪಿಕೊಂಡರು. ಆಮೇಲೆ ದಾರ ಹುಡುಕಿ ಕೊಟ್ಟಿದ್ದೂ ಅವರೇ. ನಿಮ್ಮ ಅತ್ತೆಗೂ ವಿಡಿಯೋ ಕಾಲ್‌ನಲ್ಲಿ ಆ ಮರ ತೋರಿಸಿ.

ಫ್ರೆಡರಿಕ್ಸ್‌ಬರ್ಗ್‌ನಿಂದ, ಇಬ್ಬರು ಮಕ್ಕಳ ಅಮ್ಮ:
ಒಂದು ಮಾತು ಬಿಟ್ಟುಹೋಯ್ತು. ಸದ್ಯದಲ್ಲೇ ಊರಿಗೆ ಹೊರಡೋರಿದ್ದರೆ ಬಂದಮೇಲೇ ಶುರುಮಾಡಿ. ವಿಮಾನ ಇಳಿಯುವಾಗ ಕಿವಿ ಕಟ್ಟುತ್ತಲ್ಲ, ಚೀಪುತ್ತಿದ್ದರೆ ಮಕ್ಕಳಿಗೆ ಆರಾಮ. ಊರಲ್ಲಿ ನಿದ್ದೆಯ ಹೊತ್ತೂ ಏರುಪೇರಾಗುತ್ತೆ. ಜ್ವರ, ಮನೆ ಬದಲಾವಣೆ, ಹೊಸ ಪಾಪು ಬರೋ ಸಮಯದಲ್ಲೂ ಬೇಡ. ಅಲ್ಲಿವರೆಗೆ ಹಗಲು ಪೂರ್ತಿ ನಿಲ್ಲಿಸಿ, ಹಾಸಿಗೆಯಲ್ಲಿ ಮಾತ್ರ ಕೊಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ. ಮರಕ್ಕೆ ಹೋಗೋ ದಿನ ಹೇಳಿ, ನಮ್ಮ ಮನೆ ಹತ್ತಿರವೇ, ನನ್ನ ಮಗಳನ್ನೂ ಕರೆದುಕೊಂಡು ಬರ್ತೀನಿ. ತಾನು ಕಟ್ಟಿದ್ದು ಎಲ್ಲಿ ಅಂತ ಅವಳೇ ನಿಮ್ಮವಳಿಗೆ ತೋರಿಸಲಿ.