ಮಾನಿಟರ್ ತುಂಬ ಹಸಿರು ಗೆರೆ, ಗ್ರಾಫಿಕ್ಸ್ ಕಾರ್ಡ್ ಹೋಯ್ತಾ?

ಪ್ರಶ್ನೆ: 2012ರಲ್ಲಿ ಕೊಂಡ ಕಂಪ್ಯೂಟರ್. ಆನ್ ಮಾಡಿದ ಹತ್ತು ನಿಮಿಷಕ್ಕೆ ಹಸಿರು ಗೆರೆ, ಆಮೇಲೆ ಪೂರ್ತಿ ಕಪ್ಪು. ತೆರೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ (ಅದನ್ನು ನಡೆಸುವ ಸಾಫ್ಟ್‌ವೇರ್) ಎರಡು ಸಲ ಹಾಕಿದೆ. ಅಂಗಡಿಯವರು ಬಿಚ್ಚಿಯೂ ನೋಡದೆ ಹೊಸ ಕಾರ್ಡ್ ತಗೊಳ್ಳಿ ಅಂದರು.

ಉತ್ತರ: ಮೊದಲು ಕೇಬಲ್ ಬದಲಿಸಿ ನೋಡಿ. ಆಮೇಲೆ ಬಯೋಸ್‌ನಲ್ಲೇ (ಆನ್ ಮಾಡಿದ ಕೂಡಲೇ ಕೀ ಒತ್ತಿ ತೆರೆಯುವ ಸೆಟ್ಟಿಂಗ್ ಪರದೆ) ಸ್ವಲ್ಪ ಹೊತ್ತು ಬಿಡಿ. ಅಲ್ಲೂ ಗೆರೆ ಬಂದರೆ ಡ್ರೈವರ್ ತಪ್ಪಲ್ಲ. ಅಲ್ಲಿ ವಿಂಡೋಸ್ ಶುರುವೇ ಆಗಿರುವುದಿಲ್ಲ, ಅಲ್ವಾ?

ಪ್ರಶ್ನೆ ಕೇಳಿದವರು: ಬೇರೆ ಕೇಬಲ್ ಹಾಕಿದೆ. ಕಾಫಿ ಕುಡಿಯುತ್ತಾ ಕಾದೆ. ಅಲ್ಲೂ ಬಂತು!

ಇನ್ನೊಬ್ಬರು: ಪ್ಲಗ್ ಕಿತ್ತು, ಕಾರ್ಡ್ ತೆಗೆದು, ಮದರ್‌ಬೋರ್ಡಿನಲ್ಲೇ (ಕಂಪ್ಯೂಟರಿನ ಮುಖ್ಯ ಬೋರ್ಡ್) ಇರುವ ವಿಜಿಎ ಎಂಬ ಮಾನಿಟರ್ ಕಿಂಡಿಗೆ ಮಾನಿಟರ್ ಜೋಡಿಸಿ. ಕಾರ್ಡಿನ ಫ್ಯಾನ್ ಬೆರಳಲ್ಲಿ ತಿರುಗಿಸಿ ನೋಡಿ. ನನ್ನದರಲ್ಲಿ ಧೂಳು ಹತ್ತಿಯ ಹಾಗೆ ಮೆತ್ತಿಕೊಂಡಿತ್ತು.

ಪ್ರಶ್ನೆ ಕೇಳಿದವರು: ಕಾರ್ಡ್ ಇಲ್ಲದೆ ಒಂದು ಗಂಟೆ ಆರಾಮಾಗಿ ಓಡಿತು. ಫ್ಯಾನ್ ಮಾತ್ರ ಕಲ್ಲಿನ ಹಾಗೆ ಗಟ್ಟಿ. ನಾಳೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರಸ್ತೆಗೆ ಹೋಗಿ ಬರುತ್ತೇನೆ.