ಮಲೆನಾಡಿನ ಮನೆಯಲ್ಲಿ ಆರ್ಟ್ ಪ್ರಿಂಟ್: ಯಾವ ಪ್ರಿಂಟರ್ ತಗೊಳ್ಳಲಿ?

ಕೇಳಿದವರು, ಹೊಸನಗರ:
ನಾನು ಜಲವರ್ಣದಲ್ಲಿ ಹಕ್ಕಿ, ಕಾಡುಹೂ, ಹೆಂಚಿನ ಮನೆ ಇಂಥವನ್ನು ಬಿಡಿಸುತ್ತೇನೆ. ಮೂಲಚಿತ್ರ ಕೊಳ್ಳುವವರು ಕಡಿಮೆ, ಪ್ರಿಂಟ್ ಇದೆಯಾ ಅಂತ ಕೇಳುವವರು ಜಾಸ್ತಿ. ಸದ್ಯ ಶಿವಮೊಗ್ಗಕ್ಕೆ ಹೋದಾಗ ಅಂಗಡಿಯಲ್ಲಿ ಕಲರ್ ಲೇಸರ್ ಪ್ರಿಂಟ್ ತೆಗೆಸುತ್ತಿದ್ದೇನೆ. ತಿಳಿ ಬಣ್ಣಗಳು ಸರಿಯಾಗಿ ಬರುವುದೇ ಇಲ್ಲ. ಮನೆಗೇ ಒಂದು ಪ್ರಿಂಟರ್ ತರೋಣ ಅಂತಿದ್ದೇನೆ. ಬಜೆಟ್ 25,000 ರೂಪಾಯಿ. ತಿಂಗಳಿಗೆ ಹೆಚ್ಚೆಂದರೆ 20-30 ಪ್ರಿಂಟ್. ಎ4 ಸಾಕಾ, ಅದರ ಎರಡರಷ್ಟು ದೊಡ್ಡ ಎ3 ಬೇಕಾ? ನಮ್ಮ ಮಳೆಗಾಲದಲ್ಲಿ ಪ್ರಿಂಟರ್ ಬಾಳುತ್ತದಾ? ಬಳಸುತ್ತಿರುವವರು ಹೇಳಿ.

ಸಾಗರದಿಂದ:
ಲೇಸರ್ ಮರೆತುಬಿಡಿ. ಅದು ಆಫೀಸಿನ ಕಾಗದಕ್ಕೆ ಸರಿ. ತಿಳಿ ಬಣ್ಣ ಬಂದ ಕಡೆ ಟೋನರಿನ (ಬಣ್ಣದ ಪುಡಿಯ) ಚುಕ್ಕಿಗಳು ಎದ್ದು ಕಾಣುತ್ತವೆ. ನಿಮಗೆ ಬೇಕಾಗಿರುವುದು ಇಂಕ್‌ಜೆಟ್, ಅದರಲ್ಲೂ ಬಾಟಲಿಯಿಂದ ಇಂಕ್ ತುಂಬುವ ಟ್ಯಾಂಕ್ ಪ್ರಿಂಟರ್.

ಟ್ಯಾಂಕಿನಲ್ಲಿ ಎರಡು ಥರ ಇದೆ. ಮಕ್ಕಳ ಪ್ರಾಜೆಕ್ಟಿಗೆ, ಆಧಾರ್ ಜೆರಾಕ್ಸಿಗೆ ಅಂತ ಮನೆಮನೆಗೂ ಬಂದಿರುವ 4 ಬಣ್ಣದ್ದು ಒಂದು. ಫೋಟೋಗೆ ಅಂತಲೇ ಬರುವ 6 ಬಣ್ಣದ್ದು ಇನ್ನೊಂದು. ನೀವು ಎರಡನೆಯದನ್ನೇ ನೋಡಿ. ಎಪ್ಸನ್ ಎಲ್8050ರಲ್ಲಿ ಮಾಮೂಲಿ ನಾಲ್ಕರ ಜೊತೆ ತಿಳಿ ಸಯಾನ್ (ನೀಲಿ), ತಿಳಿ ಮಜೆಂಟಾ (ಗುಲಾಬಿಗೆಂಪು) ಇರುತ್ತವೆ. ಹಕ್ಕಿಯ ಹೊಟ್ಟೆಯ ನಸುಬಣ್ಣ, ದೂರದ ಗುಡ್ಡದ ನೀಲಿ ಇವೆಲ್ಲ ನಯವಾಗಿ ಬರುವುದು ಆ ಎರಡು ಇಂಕಿನಿಂದಲೇ. ಕ್ಯಾನನ್ ಜಿ570ರಲ್ಲಿ ಅವುಗಳ ಬದಲು ಕೆಂಪು ಮತ್ತು ಬೂದು ಇಂಕ್ ಕೊಟ್ಟಿದ್ದಾರೆ. ಎರಡೂ ಎ4, ಎರಡೂ ನಿಮ್ಮ ಬಜೆಟ್ಟಿನ ಆಸುಪಾಸು. ಜಲವರ್ಣಕ್ಕೆ ನನ್ನ ಓಟು ಮೊದಲನೆಯದಕ್ಕೆ.

ಆದರೆ ನಿಜ ಹೇಳಬೇಕೆಂದರೆ, ಪ್ರಿಂಟರಿಗಿಂತ ಪೇಪರ್ ಮುಖ್ಯ. ನಾನು ಪ್ರಿಂಟ್ ಮಾಡುವುದು ನಮ್ಮ ಮನೆಯ ಹೆಂಗಸರು ಬಿಡಿಸಿದ ಹಸೆ ಚಿತ್ತಾರ. ನೆಲವೆಲ್ಲ ಕೆಮ್ಮಣ್ಣಿನ ಬಣ್ಣ, ಮೇಲೆ ಅಕ್ಕಿ ಹಿಟ್ಟಿನ ಸಣ್ಣ ಬಿಳಿ ಗೆರೆ. ಈ ಪ್ರಿಂಟರುಗಳಲ್ಲಿ ಬಿಳಿ ಇಂಕ್ ಇಲ್ಲ. ಬಿಳಿ ಅಂದರೆ ಇಂಕ್ ಬೀಳದೆ ಉಳಿದ ಪೇಪರ್, ಅಷ್ಟೇ. ಸಾದಾ ಡ್ರಾಯಿಂಗ್ ಶೀಟ್ ಹಾಕಿದರೆ ಸುತ್ತಲಿನ ಕೆಂಪು ಗೆರೆಯೊಳಗೆ ಹರಡಿ, ಪುಂಡಿ ನಾರಿನ ಕುಂಚ ಎಳೆದ ಆ ಸಣ್ಣ ಅಂಕುಡೊಂಕೆಲ್ಲ ಮುಚ್ಚಿಹೋಗುತ್ತದೆ. ಇಂಕ್‌ಜೆಟ್ ಕೋಟಿಂಗ್ ಇರುವ ಮ್ಯಾಟ್ (ಹೊಳಪಿಲ್ಲದ) ಪೇಪರಿನಲ್ಲಿ ಅದೇ ಗೆರೆ ಚೂಪಾಗಿ ನಿಲ್ಲುತ್ತದೆ. ಪ್ರಿಂಟರ್ ಅದೇ, ಫೈಲೂ ಅದೇ. ಜಲವರ್ಣಕ್ಕೂ ಮ್ಯಾಟೇ ಚೆಂದ. ಗ್ಲಾಸಿ ಹಾಕಿದರೆ ಸುಮ್ನೆ ಮದುವೆ ಫೋಟೋ ಥರ ಕಾಣುತ್ತದೆ.

230 ಜಿಎಸ್‌ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಲೆಕ್ಕ) ಮೇಲಿನ ದಪ್ಪ ಪೇಪರ್ ತಗೊಳ್ಳಿ. ಅದಕ್ಕೆ ಹಿಂಭಾಗದಿಂದ ಪೇಪರ್ ಹಾಕುವ ಪ್ರಿಂಟರೇ ಬೇಕು. ಮುಂದಿನ ಕೆಳಗಿನ ಟ್ರೇಯಿಂದ ಎಳೆಯುವ ಮಾದರಿಯಲ್ಲಿ ಪೇಪರ್ ಪೂರ್ತಿ ಮಡಚಿ ತಿರುಗಬೇಕು, ದಪ್ಪದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ರಿಂಟ್ ಮಾಡುವಾಗ ಸೆಟ್ಟಿಂಗಿನಲ್ಲಿ ಮ್ಯಾಟ್ ಪೇಪರ್ ಅಂತ ಆರಿಸುವುದನ್ನು ಬಿಡಬೇಡಿ. ಎಷ್ಟು ಇಂಕ್ ಸುರಿಯಬೇಕು ಅನ್ನುವುದನ್ನು ಪ್ರಿಂಟರ್ ಅದನ್ನು ನೋಡಿಯೇ ತೀರ್ಮಾನಿಸುವುದು.

ಖರ್ಚಿನ ಲೆಕ್ಕ: ಪೂರ್ತಿ ಬಣ್ಣ ತುಂಬಿದ ಎ4 ಚಿತ್ರಕ್ಕೆ ಹೆಚ್ಚುಕಡಿಮೆ 1 ಮಿ.ಲೀ. ಇಂಕ್ ಅಂತ ಇಟ್ಟುಕೊಳ್ಳಿ. ಎಲ್8050ರ ಒಂದೊಂದು ಬಾಟಲಿ 70 ಮಿ.ಲೀ. ಹಾಗಾಗಿ ಟ್ಯಾಂಕ್ ಪ್ರಿಂಟರಿನಲ್ಲಿ ಇಂಕಿಗಿಂತ ಒಳ್ಳೆ ಪೇಪರಿಗೇ ಜಾಸ್ತಿ ದುಡ್ಡು ಹೋಗುತ್ತದೆ.

ಶಿವಮೊಗ್ಗದಿಂದ, ಪ್ರಿಂಟರ್ ರಿಪೇರಿ ಮಾಡುವವನು:
ಮಳೆಗಾಲದ ಬಗ್ಗೆ ಕೇಳಿದಿರಲ್ಲ ಮೇಡಂ. ಎಲ್ಲರೂ ಹೆದರುವುದು ಮಳೆಗೆ. ಆದರೆ ಇಂಕ್ ಚಿಮ್ಮಿಸುವ ಹೆಡ್‌ಗೆ ತೇವದ ಗಾಳಿಯಿಂದ ತೊಂದರೆ ಕಡಿಮೆ. ಇಂಕ್ ಒಣಗಿ ನಾಝಲ್ (ಹೆಡ್ಡಿನ ಸಣ್ಣ ತೂತು) ಕಟ್ಟಿಕೊಂಡ ಪ್ರಿಂಟರುಗಳು ನನ್ನ ಟೇಬಲ್ಲಿಗೆ ಸಾಲುಗಟ್ಟುವುದು ಮಾರ್ಚ್-ಏಪ್ರಿಲ್‌ನಲ್ಲಿ. ಮಳೆಗಾಲದಲ್ಲಿ ಕೆಡುವುದು ಪೇಪರ್. ಕಟ್ಟು ಬಿಚ್ಚಿಟ್ಟರೆ ಹೊರಗಿಟ್ಟ ಹಪ್ಪಳದ ಹಾಗೆ ಮೆತ್ತಗಾಗಿ ಬಾಗುತ್ತದೆ. ಬಾಗಿದ ಪೇಪರ್ ಹೆಡ್‌ಗೆ ಉಜ್ಜಿ ಅಂಚಿನಲ್ಲಿ ಕಪ್ಪು ಗೀರು ಬೀಳುತ್ತದೆ. ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಬೇಕಾದಷ್ಟೇ ಹೊರಗೆ ತೆಗೆಯಿರಿ.

ಹೆಡ್ ಉಳಿಯಬೇಕಿದ್ದರೆ ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಪ್ರಿಂಟ್ ತೆಗೆಯಿರಿ. ಆರ್ಡರ್ ಇಲ್ಲದಿದ್ದರೆ ನಾಝಲ್ ಚೆಕ್ (ಗೆರೆಗಳ ಪರೀಕ್ಷಾ ಪ್ರಿಂಟ್) ಆದರೂ ಸಾಕು. ಗೆರೆ ತುಂಡಾಗಿದ್ದರೆ ಮಾತ್ರ ಕ್ಲೀನಿಂಗ್ ಕೊಡಿ. ಮೇಲಿಂದ ಮೇಲೆ ಕೊಟ್ಟರೆ ಒಳ್ಳೆ ಇಂಕೆಲ್ಲ ವೇಸ್ಟ್ ಪ್ಯಾಡಿಗೆ ಹೋಗುತ್ತದೆ, ಪ್ಯಾಡ್ ತುಂಬಿದರೆ ಪ್ರಿಂಟರೇ ನಿಂತುಬಿಡುತ್ತದೆ.

ಆಫ್ ಮಾಡುವಾಗ ಗೋಡೆಯ ಸ್ವಿಚ್ಚಿಗೆ ಕೈ ಹಾಕಬೇಡಿ, ಮೊದಲು ಪ್ರಿಂಟರಿನ ಬಟನ್ ಒತ್ತಿ. ಆಗ ಹೆಡ್ ಬಲಗಡೆ ತನ್ನ ಜಾಗಕ್ಕೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಪ್ರಿಂಟಾಗುತ್ತಿರುವಾಗಲೇ ಕರೆಂಟ್ ಹೋದರೆ ಹೆಡ್ ನಡುದಾರಿಯಲ್ಲಿ ತೆರೆದುಕೊಂಡೇ ನಿಲ್ಲುತ್ತದೆ. ನಿಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ಒಂದು ಸಣ್ಣ ಯುಪಿಎಸ್ ಇದ್ದರೆ ನೆಮ್ಮದಿ. ಏಪ್ರಿಲ್-ಮೇ ಗುಡುಗಿನ ಹೊತ್ತಿಗೆ ಪ್ಲಗ್ ಪೂರ್ತಿ ಕಿತ್ತಿಡಿ, ಕಂಪ್ಯೂಟರಿಗೆ ಹೋಗುವ ಕೇಬಲ್ ಸಹ.

ಇನ್ನೊಂದು. ಇಂಥ ಫೋಟೋ ಪ್ರಿಂಟರುಗಳ ಡೈ ಇಂಕಿನ (ನೀರಿನಲ್ಲಿ ಕರಗುವ ಬಣ್ಣದ) ಟ್ಯಾಂಕಿಗೆ ಹೊರಗಿನ ಪಿಗ್ಮೆಂಟ್ ಇಂಕ್ (ಬಣ್ಣದ ಕಣಗಳ ಇಂಕ್) ಹಾಕಿ, ಪ್ರಿಂಟ್ ಮಾಸುವುದಿಲ್ಲ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಹಾಕಬೇಡಿ. ವಾರಂಟಿಯೂ ಹೋಗುತ್ತದೆ, ಹೆಡ್ಡೂ ಹೋಗುತ್ತದೆ.

ತೀರ್ಥಹಳ್ಳಿಯಿಂದ:
ನಾನು ಉಲ್ಟಾ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ತಿಂಗಳಿಗೆ 20 ಪ್ರಿಂಟಿಗೆ ಈಗಲೇ ಪ್ರಿಂಟರ್ ಯಾಕೆ? ಬೆಂಗಳೂರಿನಲ್ಲಿ ಪಿಗ್ಮೆಂಟ್ ಇಂಕಿನಲ್ಲಿ, ಹತ್ತಿ ಪೇಪರಿನ ಮೇಲೆ ಮಾಡಿಕೊಡುವವರಿದ್ದಾರೆ. ಫೈಲ್ ಕಳಿಸಿದರೆ ಕೊರಿಯರಿನಲ್ಲಿ ಬರುತ್ತದೆ. ಒಂದೊಂದಕ್ಕೆ ಬೆಲೆ ಜಾಸ್ತಿ, ಒಪ್ಪಿಕೊಳ್ಳೋಣ. ಆದರೆ ಯಾವ ಚಿತ್ರ ಓಡುತ್ತದೆ, ಯಾವುದು ಓಡಲ್ಲ ಅನ್ನುವುದು ಗೊತ್ತಾಗುವ ತನಕ ಆ ದಾರಿ ವಾಸಿ.

ನಿಮ್ಮ ದುಡ್ಡು ಮೊದಲು ಹೋಗಬೇಕಾದ್ದು ಸ್ಕ್ಯಾನರಿಗೆ. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಒಂದು ಮೂಲೆ ಬೆಳಕು, ಇನ್ನೊಂದು ಮೂಲೆ ಕತ್ತಲು. ಅದನ್ನು ಯಾವ ಪ್ರಿಂಟರೂ ಸರಿ ಮಾಡಲ್ಲ. ಎ4 ಪ್ರಿಂಟಿಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 2480×3508 ಪಿಕ್ಸೆಲ್ ಬೇಕು. ಎ4 ಮೂಲವನ್ನು ಮುಂದೆ ಎ3 ಮಾಡುವ ಆಸೆ ಇದ್ದರೆ 600ಕ್ಕೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಹೊಸನಗರ:
ಸ್ಕ್ಯಾನರ್ ತಮ್ಮನ ಹತ್ತಿರ ಇದೆ, ಇಸ್ಕೊಳ್ಳುತ್ತೇನೆ. ಎರಡೂ ಕಡೆಯ ಮಾತು ಸರಿ ಅನಿಸುತ್ತಿದೆ. ನನಗೆ ಒಂದು ಬೇಕಾದಾಗ ಒಂದೇ ತೆಗೆಯುವ ಅನುಕೂಲ ಬೇಕು, ಹಾಗಾಗಿ ಪ್ರಿಂಟರ್ ಕಡೆಗೇ ಮನಸ್ಸು. ಈ ಡೈ ಇಂಕಿನ ಪ್ರಿಂಟ್ ಮಾಸುತ್ತದೆ ಅಂದರಲ್ಲ, ಗಿರಾಕಿಗೆ ಏನು ಹೇಳಲಿ?

ಕೊಪ್ಪದಿಂದ:
ಇದ್ದದ್ದು ಇದ್ದ ಹಾಗೆ ಹೇಳಿ. ಡೈ ಅಂದರೆ ನೀರಿನಲ್ಲಿ ಕರಗುವ ಬಣ್ಣ, ಪೇಪರಿನೊಳಗೆ ಇಳಿಯುತ್ತದೆ. ಹೊಳಪು ಚೆನ್ನಾಗಿರುತ್ತದೆ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಒಂದು ಹನಿ ನೀರು ಬಿದ್ದರೆ ಹರಿಯುವುದೂ ಉಂಟು. ಪಿಗ್ಮೆಂಟ್ ಅಂದರೆ ಸಣ್ಣ ಬಣ್ಣದ ಕಣಗಳು, ಪೇಪರಿನ ಮೇಲೆಯೇ ಕೂರುತ್ತವೆ. ಬಾಳಿಕೆ ಜಾಸ್ತಿ. ಕ್ಯಾನನ್ ಪ್ರೊ-300 ಅಂಥದ್ದು, 10 ಇಂಕ್, ಎ3ಗಿಂತ ದೊಡ್ಡ ಹಾಳೆ ಹಿಡಿಯುತ್ತದೆ. ಆದರೆ ಒಂದೊಂದು ಕಾರ್ಟ್ರಿಡ್ಜಿನಲ್ಲಿ ಇರುವುದು 14.4 ಮಿ.ಲೀ. ಮಾತ್ರ. ಪ್ರಿಂಟರೇ ಬಜೆಟ್ ಮೀರುತ್ತದೆ, ಇಂಕಿನ ಖರ್ಚು ಅದಕ್ಕಿಂತ ನೋವು.

ಕಂಪನಿಯವರು ಬರೆಯುವ ಅಷ್ಟು ವರ್ಷ, ಇಷ್ಟು ವರ್ಷ ಎಲ್ಲ ಗಾಜಿನ ಹಿಂದೆ ಅಥವಾ ಆಲ್ಬಮ್ಮಿನಲ್ಲಿ ಇಟ್ಟಾಗಿನ ಲೆಕ್ಕ. ಹಾಗಾಗಿ ಅದನ್ನು ಗಿರಾಕಿಗೆ ಒಪ್ಪಿಸಬೇಡಿ. ಒಂದು ಪ್ರಿಂಟನ್ನು ಎರಡು ತುಂಡು ಮಾಡಿ. ಅರ್ಧ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಅರ್ಧ ಪುಸ್ತಕದೊಳಗೆ ಇಡಿ. ಬೇಸಿಗೆ ಮುಗಿದ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಪೇಪರ್, ನಿಮ್ಮ ಇಂಕ್ ಹೇಗೆ ಅಂತ ಗೊತ್ತಾಗುತ್ತದೆ. ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ‘ಡೈ ಇಂಕ್, ನೇರ ಬಿಸಿಲು ಬೇಡ, ಗಾಜು ಹಾಕಿಸಿ’ ಅಂತ ಬರೆದು ಕೊಡುತ್ತೇನೆ. ಅದನ್ನು ಓದಿ ವಾಪಸ್ ಕೊಟ್ಟವರು ಯಾರೂ ಇಲ್ಲ.

ಸಾಗರದಿಂದ:
ಎ3 ವಿಷಯ ಬಿಟ್ಟುಹೋಗಿತ್ತು. ಎಪ್ಸನ್‌ನಲ್ಲಿ ಎ3 ದಾಟುವ 6 ಬಣ್ಣದ ಟ್ಯಾಂಕ್ ಎಲ್18050. ಬಜೆಟ್ ಬಹಳ ಮೀರುತ್ತದೆ. ನನ್ನ ಬಳಿ ಜಾಸ್ತಿ ಹೋಗುವುದು ಎ5, ಎ4. ಎ4ಗೆ ರೆಡಿ ಫ್ರೇಮ್ ಎಲ್ಲಿ ಬೇಕಾದರೂ ಸಿಗುತ್ತದೆ, ಕೊಳ್ಳುವವರಿಗೆ ಅದೇ ಆಕರ್ಷಣೆ. ಯಾರಾದರೂ ಎ3 ಕೇಳಿದರೆ ತೀರ್ಥಹಳ್ಳಿಯವರು ಹೇಳಿದ ಹಾಗೆ ಬೆಂಗಳೂರಿನಿಂದ ತರಿಸಿಕೊಡಿ. ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆಯುವ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಗೆ ಹೋಗುವ ಯೋಚನೆ ಇದ್ದರೆ ಆಗ ಬೇಕಾಗಬಹುದು.

ಪ್ರಿಂಟ್ ಆದಮೇಲೆ ಅವಸರ ಬೇಡ. ಇಂಕ್ ಜಾಸ್ತಿ ಬಿದ್ದ ಜಾಗಕ್ಕೆ ಬೆರಳ ಹಿಂಭಾಗ ತಾಗಿಸಿದರೆ ತಣ್ಣಗಿರುತ್ತದೆ, ಅಂದರೆ ಇನ್ನೂ ಒಣಗಿಲ್ಲ. ಆಷಾಢದಲ್ಲಿ ಒಂದು ರಾತ್ರಿ ಪೂರ್ತಿ ಬಿಡುತ್ತೇನೆ. ಹಸಿ ಇರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಒಳಗೆ ಬೆವರುತ್ತದೆ. ಕಳಿಸುವಾಗ ಎರಡು ರಟ್ಟಿನ ನಡುವೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್.

ಕೊಳ್ಳುವ ಮೊದಲು ನಮ್ಮ ಮನೆಗೆ ಬನ್ನಿ, ನಿಮ್ಮದೇ ಒಂದು ಚಿತ್ರ ಎರಡು ಥರದ ಪೇಪರಿನ ಮೇಲೆ ತೆಗೆದು ತೋರಿಸುತ್ತೇನೆ.

ಹೊಸನಗರ:
ಖಂಡಿತ ಬರುತ್ತೇನೆ ಅಕ್ಕ, ಬುಧವಾರ ಸಾಗರದಲ್ಲಿ ಕೆಲಸ ಇದೆ. ಫೈಲಿನ ಕಲರ್ ಪ್ರೊಫೈಲ್ (ಬಣ್ಣಗಳ ವ್ಯಾಪ್ತಿ) ಎಸ್‌ಆರ್‌ಜಿಬಿ ಇರಲಾ, ಅಡೋಬಿ ಆರ್‌ಜಿಬಿ ಇರಲಾ?

ಸಾಗರದಿಂದ:
ಎಸ್‌ಆರ್‌ಜಿಬಿ ಸಾಕು, ಟಿಫ್ (ಗುಣಮಟ್ಟ ಕುಗ್ಗದ ಫೈಲ್) ಮಾಡಿ ತನ್ನಿ. ವಾಟ್ಸಾಪಿನಲ್ಲಿ ಫೋಟೋ ಅಂತ ಮಾತ್ರ ಕಳಿಸಬೇಡಿ, ಕುಗ್ಗಿಸಿಬಿಡುತ್ತದೆ. ಮೂಲಚಿತ್ರವನ್ನೂ ತನ್ನಿ, ಪಕ್ಕದಲ್ಲಿಟ್ಟು ನೋಡದೆ ಬಣ್ಣ ಸರಿ ಇದೆಯಾ ಅಂತ ಹೇಗೆ ಹೇಳೋದು? ಎರಡು ಪ್ಲಾಸ್ಟಿಕ್ ಸುತ್ತಿಕೊಳ್ಳಿ, ಆ ರೂಟಿನ ಬಸ್ಸುಗಳು ಸೋರುತ್ತವೆ.