ಮಗಳಿಗೆ ‘ಶಾಂತಲಾ’ ಅಂತ ಹೆಸರಿಡೋಣ ಅಂದ್ರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು

ಹೊಸ ಅಪ್ಪ, ಹಾಸನ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮಗೆ ಹೆಣ್ಣು ಮಗು ಆಯ್ತು. ತೊಟ್ಟಿಲು ಶಾಸ್ತ್ರ ಬರೋ ಭಾನುವಾರ ಇಟ್ಟುಕೊಂಡಿದ್ದೇವೆ, ಹೆಸರು ಮಾತ್ರ ಇನ್ನೂ ಗೊತ್ತಾಗಿಲ್ಲ. ಮಗುವಿನದು ಶತಭಿಷ ನಕ್ಷತ್ರ, ಎರಡನೇ ಪಾದ, ‘ಸ’ ಅಕ್ಷರ ಬರಬೇಕು ಅಂದರು ಜೋಯಿಸರು. ‘ಶ’ ಇಟ್ಟರೂ ನಡೆಯುತ್ತೆ ಅಂತ ಅವರೇ ಹೇಳಿದರು, ಆದ್ದರಿಂದ ಆ ಜಗಳ ಇಲ್ಲ.

ನನ್ನ ಹೆಂಡತಿ ತವರು ಬೇಲೂರು. ದೇವಸ್ಥಾನದ ಅಂಗಳದಲ್ಲೇ ಆಡಿ ಬೆಳೆದವಳು. ಹೆಣ್ಣು ಹುಟ್ಟಿದರೆ ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರೇ ಇಡಬೇಕು ಅಂತ ಮದುವೆಗೆ ಮುಂಚೆನೇ ಹೇಳಿದ್ದಳು. ನನಗೂ ಇಷ್ಟವೇ. ಆದರೆ ನಮ್ಮಮ್ಮ ಒಪ್ಪುತ್ತಿಲ್ಲ. ‘ಬೆಟ್ಟದಿಂದ ಹಾರಿ ಸತ್ತವಳ ಹೆಸರು ನನ್ನ ಮೊಮ್ಮಗಳಿಗೆ ಬೇಡ’ ಅಂತ ಒಂದೇ ಹಟ. ತಂಗಿದು ಇನ್ನೊಂದು. ‘ಅಣ್ಣಾ, ಅದು ಟೀಚರ್ ಹೆಸರು ಕಣೋ, ಮಗು ಹೆಸರಲ್ಲ’ ಅಂತಾಳೆ. ಅವಳ ಮಗಳು ಓದೋ ಎಲ್‌ಕೆಜಿಯಲ್ಲಿ ಮೂರು ಆದ್ಯ, ಎರಡು ಸಾನ್ವಿ ಇದ್ದಾರೆ. ಶಾಂತಲಾ ಒಂದೂ ಇಲ್ಲ.

ಮೊಬೈಲಲ್ಲಿ ಹೆಸರಿನ ಆ್ಯಪ್ ನೋಡಿದೆ, ‘ಪಾರ್ವತಿ’ ಅಂತ ಅರ್ಥ ಕೊಟ್ಟಿದೆ. ಅದು ಸರಿನಾ? ಆ ಬೆಟ್ಟದ ಕತೆ ನಿಜಾನಾ? ಬಲ್ಲವರು ಹೇಳಿ, ಅಮ್ಮನಿಗೆ ಓದಿ ಹೇಳೋಕೆ ಬೇಕು.

ಹೇಮಾವತಿ ದಂಡೆ

ಸುಮ್ನೆ ಇಟ್ಟುಬಿಡಿ ಸಾರ್. ಹಾಸನದವರೇ ಆ ಹೆಸರು ಇಡದಿದ್ರೆ ಇನ್ಯಾರು ಇಡಬೇಕು? 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದಾಗ ಎಲ್ಲರೂ ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಹೆಸರಿಡೋಕೆ ಬಂದಾಗ ಮಾತ್ರ ಗೂಗಲ್‌.

ಶಾಸನದ ಹುಚ್ಚು, ಚಿಕ್ಕಮಗಳೂರು

ಆ ಆ್ಯಪ್‌ಗಳನ್ನು ನಂಬಬೇಡಿ. ಅರ್ಥ ಗೊತ್ತಾಗದ ಹೆಣ್ಣು ಹೆಸರಿಗೆಲ್ಲ ಪಾರ್ವತಿ ಇಲ್ಲ ಲಕ್ಷ್ಮಿ ಅಂತ ಹಾಕಿಬಿಡೋದು ಅವುಗಳ ಚಾಳಿ.

ಶಾಂತ ಅನ್ನೋ ಪದ ಸಂಸ್ಕೃತದ್ದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಕೊನೆಯಲ್ಲಿರೋ ‘ಲ’ ಇದೆಯಲ್ಲ, ಅದು ನಮ್ಮ ಕಡೆಯ ಬಾಲ. ಹೊಯ್ಸಳರ ಮನೆಯ ಹೆಣ್ಣುಮಕ್ಕಳ ಹೆಸರು ಒಂದು ಸಾಲಿಗೆ ಇಟ್ಟು ನೋಡಿ: ವಿಷ್ಣುವರ್ಧನನ ತಾಯಿ ಏಚಲದೇವಿ, ಅವನ ಬೇರೆ ರಾಣಿಯರಲ್ಲಿ ಬಮ್ಮಲದೇವಿ, ರಾಜಲದೇವಿ, ಅಣ್ಣ ಬಲ್ಲಾಳನ ಹೆಂಡತಿ ಪದ್ಮಲದೇವಿ. ಬಮ್ಮ ಅಂದರೆ ಬ್ರಹ್ಮ, ಅದಕ್ಕೆ ಲ ಸೇರಿ ಬಮ್ಮಲ. ಪದ್ಮಕ್ಕೆ ಲ ಸೇರಿ ಪದ್ಮಲ. ಹಾಗೇ ಶಾಂತಲ. ಕಾವ್ಯಕ್ಕೆ ಬಂದರೆ ಶಾಂತಲೆ. ‘ಶಾಂತ ಸ್ವಭಾವದವಳು’ ಅಂತ ಹೇಳಿದರೆ ಸಾಕು, ದೇವಿ ಗೀವಿ ಎಳೆದು ತರೋದು ಬೇಡ.

ಆ ಕಾಲದ ಇನ್ನೊಂದು ಬಗೆ ಹೆಸರು ‘ಅಬ್ಬೆ’ಯಲ್ಲಿ ಮುಗಿಯೋದು. ಅಬ್ಬೆ ಅಂದರೆ ತಾಯಿ. ಶಾಂತಲೆಯ ತಾಯಿ ಮಾಚಿಕಬ್ಬೆ, ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ. ಮೂರನೇದು ‘ಅಕ್ಕ’. 1181ರಲ್ಲಿ ಶ್ರವಣಬೆಳಗೊಳದಲ್ಲಿ ಅಕ್ಕನ ಬಸದಿ ಕಟ್ಟಿಸಿದ ಆಚಿಯಕ್ಕನಿಗೆ ಆಚಲದೇವಿ ಅಂತಲೂ ಹೆಸರಿತ್ತು. ಮಾಚಿಕಬ್ಬೆ ಅಂತ ಈಗ ಯಾರೂ ಮಗುಗೆ ಇಡಲ್ಲ ಬಿಡಿ, ಇಟ್ಟರೆ ಆ ಮಗು ದೊಡ್ಡದಾಗಿ ನಮ್ಮನ್ನು ಕೋರ್ಟಿಗೆ ಎಳೆಯುತ್ತೆ. ಆದರೆ ಶಾಂತಲಾ ಮಾತ್ರ ಉಳಿದುಕೊಂಡಿತು. ನನ್ನ ಲೆಕ್ಕದಲ್ಲಿ ಅದಕ್ಕೆ ಕಾರಣ ‘ಶಾಂತ’ ಅನ್ನೋದು ಇವತ್ತಿಗೂ ಎಲ್ಲರಿಗೂ ತಿಳಿಯೋ ಪದ. ಬಮ್ಮ, ಏಚ, ಮಾಚ ತಿಳಿಯಲ್ಲ. ಗಂಡನದೂ ಇದೇ ಕತೆ ನೋಡಿ. ಬಿಟ್ಟಿದೇವ ಅಂದರೂ ಅವನೇ, ವಿಷ್ಣುವೇ ಕನ್ನಡದ ಬಾಯಲ್ಲಿ ಬಿಟ್ಟಿ ಆಗಿರೋದು. ಈಗ ಮಕ್ಕಳಿಗೆ ವಿಷ್ಣು ಅಂತ ಇಡ್ತಾರೆ, ಬಿಟ್ಟಿ ಅಂತ ಯಾರು ಇಡ್ತಾರೆ?

ಇನ್ನು ನಿಮ್ಮ ತಾಯಿಯವರ ವಿಷಯ. ಬೆಟ್ಟದಿಂದ ಹಾರಿದಳು ಅನ್ನೋದು ಜನ ಹೇಳಿಕೊಂಡು ಬಂದ ಕತೆ. ನೆಲಮಂಗಲದ ಹತ್ತಿರ ಶಿವಗಂಗೆ ಬೆಟ್ಟದಲ್ಲಿ ಇವತ್ತೂ ಒಂದು ಬಂಡೆ ತೋರಿಸಿ ಇಲ್ಲಿಂದಲೇ ಅಂತಾರೆ. ಶ್ರವಣಬೆಳಗೊಳದ ಶಾಸನದಲ್ಲಿ ಇರೋದು ಇಷ್ಟು: 1131ರಲ್ಲಿ ಶಿವಗಂಗೆಯಲ್ಲಿ ರಾಣಿ ತೀರಿಕೊಂಡಳು. ಹಾರಿದಳು ಅನ್ನೋ ಮಾತು ಅದರಲ್ಲಿ ಇಲ್ಲ. ಅದೇ ಶಾಸನದಲ್ಲಿ ನನಗೆ ಕರುಳು ಕಿವುಚಿದ ಹಾಗೆ ಆಗೋದು ಅದರ ಮುಂದಿನ ಭಾಗ. ಮಗಳು ಹೋದಮೇಲೆ ತಾಯಿ ಮಾಚಿಕಬ್ಬೆ ತಾನೂ ಇರಬಾರದು ಅಂತ ಬೆಳಗೊಳಕ್ಕೆ ಬಂದು ಅನ್ನ ಬಿಟ್ಟು ಪ್ರಾಣ ಬಿಟ್ಟಳು. ಕತೆ ಹೇಳೋವಾಗ ಈ ಅಮ್ಮನ ಹೆಸರು ಯಾರೂ ಎತ್ತಲ್ಲ.

ಸಾವು ಒಂದನ್ನೇ ಹಿಡಿದುಕೊಂಡರೆ ಹೇಗೆ? ಬೇಲೂರಲ್ಲಿ 1117ರಲ್ಲಿ ಚೆನ್ನಕೇಶವನ ಪಕ್ಕದಲ್ಲೇ ಕಪ್ಪೆ ಚೆನ್ನಿಗರಾಯನನ್ನು ನಿಲ್ಲಿಸಿದವಳು ಇವಳು. ಬೆಳಗೊಳದ ಚಿಕ್ಕಬೆಟ್ಟದಲ್ಲಿ 1123ರಲ್ಲಿ ಶಾಂತಿನಾಥನ ಬಸದಿ ಕಟ್ಟಿಸಿದಳು. ಅಪ್ಪ ಶೈವ, ಅಮ್ಮ ಜೈನಳು, ಗಂಡ ವೈಷ್ಣವ. ತಾನು ಕೊನೆವರೆಗೂ ಜೈನಳಾಗೇ ಇದ್ದಳು. ಆ ಬಸದಿಯ ಹೆಸರು ‘ಸವತಿಗಂಧವಾರಣ’. ಸವತಿಯರಿಗೆ ಮದ್ದಾನೆಯಂಥವಳು ಅಂತ. ರಾಣಿಯ ಬಿರುದು ಅದು. ಹೆಸರು ಶಾಂತಲೆ, ಬಿರುದು ಮದ್ದಾನೆ! ನಿಮ್ಮ ಅಮ್ಮನಿಗೆ ಇದನ್ನು ಓದಿ ಹೇಳಿ, ಅತ್ತೆ ಮನೆಯಲ್ಲಿ ಮೊಮ್ಮಗಳು ಹೇಗೆ ಬಾಳುತ್ತಾಳೋ ಅನ್ನೋ ಚಿಂತೆ ಹೋಗುತ್ತೆ.

ನಾನೂ ಅವಳೇ

ನನ್ನ ಹೆಸರೇ ಶಾಂತಲಾ. ಹುಟ್ಟಿದ್ದು 1984, ಅರಸೀಕೆರೆ ಕಡೆ. ತಂಗಿಗೆ ಹೇಳಿ, ನಾನು ನಿಜವಾಗಲೂ ಟೀಚರ್ರೇ 😄

ನಮ್ಮ ಹೈಸ್ಕೂಲ್ ಸೆಕ್ಷನ್‌ನಲ್ಲಿ ಮೂವರು ಶಾಂತಲಾ ಇದ್ದೆವು. ಇನಿಷಿಯಲ್ ಸೇರಿಸಿ ಕೂಗುತ್ತಿದ್ದರು. ಈಗ ನನ್ನ ಹಾಜರಿ ಪುಸ್ತಕದಲ್ಲಿ ಹತ್ತು ವರ್ಷದಿಂದ ಒಂದೇ ಒಂದು ಶಾಂತಲಾ ಬಂದಿಲ್ಲ. ನಮ್ಮ ಅಜ್ಜಿ ಕಾಲದಲ್ಲೂ ನಮ್ಮೂರಲ್ಲಿ ಈ ಹೆಸರು ಇರಲಿಲ್ಲ. ಶಾಂತಮ್ಮ ಇದ್ದರು, ಬೇಕಾದಷ್ಟು. ಜಯಮ್ಮ, ಪುಟ್ಟಮ್ಮ, ಸಣ್ಣಮ್ಮ, ಕಮಲಮ್ಮ. ಅಂದರೆ ‘ಹಳೇ ಹೆಸರು’ ಅಂತ ನಾವು ಅಂದುಕೊಂಡಿರೋದು ನಮ್ಮ ಮನೆಗಳಿಗೆ ಬಂದಿದ್ದು ನಮ್ಮ ತಲೆಮಾರಿಗೇ. ನಮ್ಮಪ್ಪ ಓದುವ ಹುಚ್ಚಿನವರು. ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಯನ್ನು ಲೈಬ್ರರಿಯಿಂದ ತಂದು ಅಮ್ಮನಿಗೆ ರಾತ್ರಿ ಓದಿ ಹೇಳುತ್ತಿದ್ದರಂತೆ, ಆಗ ನಾನು ಹೊಟ್ಟೆಯಲ್ಲಿ. ಅದಕ್ಕೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂದಿತ್ತು, ಊರೆಲ್ಲ ಅದೇ ಮಾತಂತೆ. ಉಳಿದ ಇಬ್ಬರು ಶಾಂತಲೆಯರ ಅಪ್ಪಂದಿರೂ ಅದನ್ನೇ ಓದಿದ್ದರೋ ಏನೋ.

ಕಷ್ಟ ಒಂದೇ, ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದು. ನಮ್ಮ ಕಡೆ ‘ತ’ ಬರೆಯೋಕೆ ಟಿ ಜೊತೆ ಎಚ್ ಹಾಕ್ತೀವಿ. ಉತ್ತರದ ಕಡೆಯವರು ಅದನ್ನು ‘ಶಾಂಥಲಾ’ ಅಂತ ಓದ್ತಾರೆ. ಎಚ್ ತೆಗೆದರೆ ನಮ್ಮವರೇ ‘ಶಾಂಟಲಾ’ ಅಂತಾರೆ. ಒಂದು ಮಾರ್ಕ್ಸ್ ಕಾರ್ಡಲ್ಲಿ ಕನ್ನಡದಲ್ಲೇ ‘ಶಾಂತಾಳ’ ಅಂತ ಬಂದು, ಅದನ್ನು ತಿದ್ದಿಸೋಕೆ ಅಫಿಡವಿಟ್ ಮಾಡಿಸಿ ಮೂರು ಸಲ ಓಡಾಡಿದ್ದೆ. ಮೊದಲ ದಿನವೇ ಒಂದು ಸ್ಪೆಲಿಂಗ್ ಗಟ್ಟಿ ಮಾಡಿಕೊಳ್ಳಿ ಅಣ್ಣ.

ಮನೆಯಲ್ಲಿ ಕರೆಯೋದು ಶಾಂತು. ಅದು ಚೆನ್ನಾಗಿರುತ್ತೆ.

ಸಕ್ರೆಪಟ್ಣದ ಸಂತೆ

ಎಲ್ಲಾ ಸರಿ, ಆದ್ರೆ ನನಗೆ ಈ ರಾಣಿ ಹೆಸರಿನ ಹುಚ್ಚು ಅರ್ಥ ಆಗಲ್ಲ. ಮಗು ಅತ್ತರೂ ‘ಏನಮ್ಮಾ ಶಾಂತಲಾ ಅಂತ ಹೆಸರಿಟ್ಟುಕೊಂಡು ಅಳ್ತೀಯಾ’ ಅಂತಾರೆ. ಕುಣಿಯದಿದ್ರೂ ಕೇಳ್ತಾರೆ, ಶಾಂತಲೆ ನಾಟ್ಯರಾಣಿ ಅಲ್ವಾ ಅಂತ. ನಮ್ಮ ಸೊಸೆ ಭರತನಾಟ್ಯ ಕ್ಲಾಸಿಗೆ ಸೇರಿದ್ದೇ ಹೆಸರಿನ ಒತ್ತಡಕ್ಕೆ, ಎರಡು ವರ್ಷ ಆದಮೇಲೆ ಬಿಟ್ಟು ಕಬಡ್ಡಿಗೆ ಹೋದಳು.

ಇನ್ನೊಂದು ಅನುಮಾನ. ಶಾಸನದಲ್ಲಿ ‘ಲ’ಕ್ಕೆ ದೀರ್ಘ ಇಲ್ಲ ಅಂದಮೇಲೆ ನಾವು ‘ಲಾ’ ಅಂತ ಯಾಕೆ ಬರೀತೀವಿ? ತಪ್ಪಲ್ವಾ ಅದು?

ಶಾಸನದ ಹುಚ್ಚು, ಚಿಕ್ಕಮಗಳೂರು

ಒಳ್ಳೇ ಪ್ರಶ್ನೆ ಕೇಳಿದ್ರಿ. ತಪ್ಪು ಅನ್ನೋಕಾಗಲ್ಲ. ಸಂಸ್ಕೃತದ ಗಂಗಾ, ಸೀತಾ, ಮಾಲಾ ಕನ್ನಡಕ್ಕೆ ಬಂದಾಗ ಗಂಗೆ, ಸೀತೆ, ಮಾಲೆ ಆಗುತ್ತೆ. ಶಾಂತಲೆ ಅಂತ ಓದಿದವರು ‘ಓ, ಇದರ ಮೂಲ ಶಾಂತಲಾ ಇರಬೇಕು’ ಅಂತ ಆ ದಾರಿಯಲ್ಲಿ ಹಿಂದಕ್ಕೆ ನಡೆದರು. ಅಚ್ಚ ನಮ್ಮೂರಿನ ಹೆಸರಿಗೆ ಒಂದು ದೀರ್ಘ ಹಾಕಿ ಸಂಸ್ಕೃತದ ಸೀರೆ ಉಡಿಸಿದ ಹಾಗೆ.

ಮತ್ತೆ, ಮೇಲೆ ಅಕ್ಕ ಹೇಳಿದ್ದು ಬಹಳ ಸರಿ. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ ಪುಸ್ತಕ ಮಾಡಿದ್ದು 1889ರಲ್ಲಿ, ಹಾಸನ ಜಿಲ್ಲೆಯ ಸಂಪುಟ ಬಂದಿದ್ದು 1902ರಲ್ಲಿ. ಕಲ್ಲಲ್ಲಿದ್ದ ಹೆಸರು ಪುಸ್ತಕಕ್ಕೆ ಬಂದು, ಅಲ್ಲಿಂದ ಶಾಲೆ ಪಾಠಕ್ಕೆ, ನಾಟಕಕ್ಕೆ, ಕಾದಂಬರಿಗೆ ಇಳಿದು, ಆಮೇಲೆ ತೊಟ್ಟಿಲಿಗೆ ಬಂತು. ಸರ್ಕಾರ ನೃತ್ಯಕ್ಕೆ ಕೊಡೋ ಪ್ರಶಸ್ತಿಗೂ ಇವಳದೇ ಹೆಸರು, ಶಾಂತಲಾ ನಾಟ್ಯಶ್ರೀ. ಬೇಲೂರಿನ ದರ್ಪಣಸುಂದರಿ ಶಾಂತಲೆಯೇ ಅಂತ ಗೈಡುಗಳು ಹೇಳೋದು ಮಾತ್ರ ಬಾಯಿಮಾತು, ಆ ಶಿಲೆ ಮೇಲೆ ಹಾಗಂತ ಬರೆದಿಲ್ಲ.

ಸಕ್ರೆಪಟ್ಣದವರೇ, ನಿಮ್ಮೂರಿನ ಕತೆ ಮರೆತ್ರಾ? ಅಲ್ಲಿನ ದೊರೆ ರುಕ್ಮಾಂಗದ ಚಿಕ್ಕ ಮಗಳಿಗೆ ಬಳುವಳಿ ಕೊಟ್ಟಿದ್ದಕ್ಕೇ ಚಿಕ್ಕಮಗಳೂರು ಆಯ್ತು ಅಂತಾರೆ. ಇಡೀ ಜಿಲ್ಲೆಗೆ ಅವಳ ಲೆಕ್ಕದಲ್ಲಿ ಹೆಸರು ಬಂತು, ಅವಳ ಹೆಸರೇನು ಅಂತ ಮಾತ್ರ ಯಾರೂ ಹೇಳಲ್ಲ. ಶಾಂತಲೆಯದು ಕಲ್ಲಲ್ಲಿ ಬರೆದಿದ್ದಕ್ಕೆ ಉಳೀತು.

ಪೆನ್ಷನ್ ಮಾವ

ಹೆಸರು ಭಾನುವಾರವೇ ಗಟ್ಟಿ ಆಗಲಿಲ್ಲ ಅಂದ್ರೂ ಗಾಬರಿ ಬೇಡಪ್ಪ. ಜನನ ಪತ್ರದಲ್ಲಿ ಹೆಸರು ಸೇರಿಸೋಕೆ ಒಂದು ವರ್ಷದವರೆಗೂ ತಡದ ಶುಲ್ಕ ಇಲ್ಲ. ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಆದರೆ ಒಮ್ಮೆ ಬರೆಸಿದ್ದನ್ನು ಬದಲಾಯಿಸೋದು ತಲೆನೋವು. ಕನ್ನಡದಲ್ಲೂ ಇಂಗ್ಲಿಷಲ್ಲೂ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬಾಯಲ್ಲಿ ಹೇಳಬೇಡಿ.

ಹೊಸ ಅಪ್ಪ, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದಮೇಲೆ ಅಮ್ಮನಿಗೆ ಎಲ್ಲಾ ಓದಿ ಹೇಳಿದೆ. ಹಾರಿದಳು ಅಂತ ಕಲ್ಲಲ್ಲಿ ಬರೆದಿಲ್ಲ ಅನ್ನೋದನ್ನು ಎರಡು ಸಲ ಓದಿಸಿದರು. ಮಾಚಿಕಬ್ಬೆ ವಿಷಯ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಪಾಪ, ಆ ತಾಯಿ’ ಅಂದರು, ಎದ್ದು ಹೋಗಿ ಮಗು ಪಕ್ಕದಲ್ಲಿ ಮಲಗಿದರು. ಬೆಳಗ್ಗೆ ಬಂದು ಆಗಲಿ ಅಂದರು, ಆದರೆ ಜಾತಕದಲ್ಲಿ ಒಂದು ಲಕ್ಷ್ಮಿನೂ ಇರಲಿ ಅಂತ ಷರತ್ತು. ಅದಕ್ಕೇನು, ಇರಲಿ.

ಈಗ ಹೊಸ ಜಗಳ ದೀರ್ಘದ್ದು. ಸಂಸ್ಕೃತದ ಸೀರೆ ಮಾತು ಕೇಳಿದಾಗಿಂದ ನನ್ನ ಹೆಂಡತಿ ದೀರ್ಘ ಬೇಡ, ಶಾಂತಲ ಅಂತಲೇ ಬರೆಸೋಣ ಅಂತಿದ್ದಾಳೆ. ತಂಗಿ ಅದು ಗಂಡು ಹುಡುಗನ ಹೆಸರಿನ ಹಾಗೆ ಕೇಳುತ್ತೆ ಅಂತಾಳೆ. ಪೆನ್ಷನ್ ಮಾವ ಹೇಳಿದ ಹಾಗೆ ಚೀಟಿ ಬರೆದಿಟ್ಟಿದ್ದೇನೆ, ‘ಶಾಂತಲ’ ಅಂತ ಬರೆದು ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದೇನೆ.